ಅರ್ಥಶಾಸ್ತ್ರದ ಗೋಧ್ಯಕ್ಷ ಪ್ರಕರಣ: ಒಂದು ವಿಮರ್ಶೆ

೧

ಕೌಟಿಲೀಯ ಅರ್ಥಶಾಸ್ತ್ರದ ಮಾತೃಕೆಯು ಮೈಸೂರಿನ ಪ್ರಾಚ್ಯ ಗ್ರಂಥಾಲಯವನ್ನು ಸೇರಿ, ಅಲ್ಲಿಯ ವಿದ್ವಾಂಸರಾಗಿದ್ದ ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಅಚ್ಚಾಗಿ ಹೊರಬಿದ್ದುದು ಸರ್ವವಿದಿತವಾದ ಸಂಗತಿ. ಅವರ ಇಂಗ್ಲಿಷ್ ಅನುವಾದವು ೧೯೧೫ರಲ್ಲಿ ಪುಸ್ತಕರೂಪವನ್ನು ತಾಳಿತು. ಅನಂತರ ತಿರುವನಂತಪುರದ ಗಣಪತಿಶಾಸ್ತ್ರಿಗಳು ತಾವೇ ರಚಿಸಿದ ಸಂಸ್ಕೃತ ವ್ಯಾಖ್ಯಾನದೊಡನೆ ಗ್ರಂಥವನ್ನು ಪ್ರಕಟಿಸಿದರು. ೧೯೬೦ರಲ್ಲಿ ಕಾಂಗ್ಲೆಯವರ ಪರಿಷ್ಕೃತ ಪಾಠವು ಮುಂಬಯಿಯಿಂದ ಹೊರಟಿತು. ಇಷ್ಟು ಮಂದಿಯ ದುಡಿಮೆಯಿಂದ ಗ್ರಂಥದ ಬಹುಭಾಗವು ಸುಗಮವಾಗಿದೆ. ಆದರೂ ದ್ವಿತೀಯಾಧಿಕರಣದ ೨೯ನೆಯ ಅಧ್ಯಾಯವಾದ ಗೋಧ್ಯಕ್ಷ ಪ್ರಕರಣವು ಓದಲ್ಪಟ್ಟುದಕ್ಕಿಂತ ಉದಾಹರಿಸಲ್ಪಟ್ಟುದೇ ಹೆಚ್ಚು.

ಪ್ರಾಚೀನ ಭಾರತದ ಗೋಸಂಪತ್ತನ್ನು ಕುರಿತು ವಾದಿಸುವವರು ಈ ಪ್ರಕರಣಕ್ಕೆ ಎರಡು ಮಾತುಗಳಿಗಾಗಿಯೇ ಬರುತ್ತಾರೆ. ಪಶುವನ್ನು ತಾನಾಗಿ ಕೊಂದವನೂ ಕೊಲ್ಲಿಸಿದವನೂ ವಧ್ಯನೆಂದು ಇಲ್ಲಿ ವಿಧಿಯುಂಟು. ಆದುದರಿಂದ ಗೋವಧೆಗೆ ಆ ಕಾಲದಲ್ಲಿ ಮರಣದಂಡನೆಯಿತ್ತೆಂದು ಒಂದು ಪಕ್ಷದವರು ಹೇಳುವರು. ಸತ್ತ ಪಶುವಿನ ಮಾಂಸವನ್ನು ಹಸಿಯದಾಗಿಯೋ ಒಣಗಿಸಿಯೋ ಮಾರಬಹುದೆಂದು ಇಲ್ಲಿಯೇ ಅನುಜ್ಞೆಯುಂಟು. ಆದುದರಿಂದ ಗೋಮಾಂಸದ ವ್ಯಾಪಾರವು ರಾಜಸಮ್ಮತವಾಗಿದ್ದಿತೆಂದು ಇನ್ನೊಂದು ಪಕ್ಷದವರು ಹೇಳುವರು. ಎರಡು ವಾಕ್ಯಗಳೂ ಒಂದೇ ಅಧ್ಯಾಯದಲ್ಲಿ ಕೆಲವು ಸೂತ್ರಗಳ ಅಂತರದಲ್ಲಿವೆ. ಹಾಗಿರುವಾಗ ಗ್ರಂಥಕಾರನು ತನ್ನ ಮಾತನ್ನು ತಾನೇ ಮರೆತಿರಬೇಕು, ಇಲ್ಲವೆ ಓದುಗರು ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಹಿಡಿದಿರಬೇಕು. ಎರಡನೆಯದೇ ನಿಜವೆಂಬುದು ಪ್ರಕರಣವನ್ನು ಆದ್ಯಂತವಾಗಿ ಪರಿಶೀಲಿಸಿದರೆ ಗೊತ್ತಾಗುವುದು.

ಪ್ರಕರಣಕ್ಕಿಂತ ವಾಕ್ಯವು ಬಲವತ್ತರವೆಂದು ಮೀಮಾಂಸಕರ ಮತವಲ್ಲವೆ ಎಂದು ಯಾರಾದರೂ ಕೇಳಬಹುದು. ಅದು ಸರಿಯೆ. ಆದರೆ ವಾಕ್ಯವು ನಿರಾಕಾಂಕ್ಷವಾಗಿದ್ದಾಗ ಮಾತ್ರ ಆ ಬಲವು ಅದಕ್ಕೆ ಬರುವುದು. ಕೊಂದವನು ವಧ್ಯನೆಂದರೆ ಯಾರ ಪಶುವನ್ನು, ಯಾವ ಅಧಿಕಾರದಲ್ಲಿದ್ದವನು ಕೊಂದರೆ? ಮಾಂಸವನ್ನು ಮಾರಬಹುದೆಂದರೆ ಯಾವ ಪಶುವಿನ ಮಾಂಸವನ್ನು, ಯಾರಿಗೆ ಲೆಕ್ಕ ಒಪ್ಪಿಸಿದ ಮೇಲೆ? ಈ ಆಕಾಂಕ್ಷೆಗಳು ವಾಕ್ಯದೊಳಗೆ ತೀರುವುದಿಲ್ಲ. ಅವನ್ನು ತೀರಿಸಬೇಕಾದುದು ಪ್ರಕರಣವೆ.

೨

ತಾತ್ಪರ್ಯನಿರ್ಣಯಕ್ಕೆ ಉಪಕ್ರಮೋಪಸಂಹಾರಗಳು ಮೊದಲ ಸಾಧನ. ಈ ಅಧ್ಯಾಯದ ಉಪಕ್ರಮದಲ್ಲಿ ಗೋಧ್ಯಕ್ಷನು ತಿಳಿದಿರಬೇಕಾದ ಎಂಟು ಬಾಬುಗಳು ಹೇಳಲ್ಪಟ್ಟಿವೆ: ವೇತನೋಪಗ್ರಾಹಿಕ, ಕರಪ್ರತಿಕರ, ಭಗ್ನೋತ್ಸೃಷ್ಟಕ, ಭಾಗಾನುಪ್ರವಿಷ್ಟಕ, ವ್ರಜಪರ್ಯಗ್ರ, ನಷ್ಟ, ವಿನಷ್ಟ, ಕ್ಷೀರಘೃತಸಂಜಾತ. ಕೂಲಿಗೆ ಕಾಯಿಸಿದ ಮಂದೆ, ಗುತ್ತಿಗೆಗೆ ಕೊಟ್ಟ ಮಂದೆ, ಕೆಲಸಕ್ಕೆ ಬಾರದೆಂದು ಬಿಟ್ಟುಕೊಟ್ಟ ಮಂದೆ, ಪಾಲಿಗೆ ರಕ್ಷಣೆ ಬಯಸಿ ಬಂದ ಮಂದೆ, ಒಟ್ಟು ಎಣಿಕೆ, ಕಳೆದುಹೋದುದು, ಸತ್ತುದು, ಹಾಲು ತುಪ್ಪಗಳ ಉತ್ಪತ್ತಿ ಎಂದು ಇವುಗಳ ಸ್ಥೂಲಾರ್ಥ. ಉಪಸಂಹಾರದ ಶ್ಲೋಕದಲ್ಲಿ ನೂರು ಹಸುಗಳ ಮಂದೆಗೆ ನಾಲ್ಕು ಹೋರಿಗಳಿರಬೇಕೆಂಬ ನಿಯಮವಿದೆ. ಮೊದಲಿನಲ್ಲಿಯೂ ಲೆಕ್ಕ, ಕೊನೆಯಲ್ಲಿಯೂ ಲೆಕ್ಕ. ನಡುವೆ ಗೋಮಾಹಾತ್ಮ್ಯವೂ ಇಲ್ಲ, ಭಕ್ಷ್ಯಾಭಕ್ಷ್ಯ ವಿಚಾರವೂ ಇಲ್ಲ.

ಆದರೆ ಲೆಕ್ಕವೆಂದು ಹೇಳಿಬಿಟ್ಟರೆ ಪ್ರಕರಣದ ಸ್ವಾರಸ್ಯವು ಮುಗಿಯುವುದಿಲ್ಲ. ಅರಮನೆಯ ಭಂಡಾರದಲ್ಲಿ ಇಟ್ಟ ಚಿನ್ನವನ್ನು ಎಣಿಸುವುದು ಒಂದು ಬಗೆ. ಕಾಡಿನಲ್ಲಿ ಮೇಯುವ, ಕರು ಹಾಕುವ, ಸಾಯುವ, ದಾರಿತಪ್ಪುವ ಸೊತ್ತನ್ನು ಎಣಿಸುವುದು ಮತ್ತೊಂದು ಬಗೆ. ದನದ ಒಡೆಯನಾದ ರಾಜನು ತನ್ನ ದನವನ್ನು ಕಾಣನು. ಕಾಣುವವನು ಗೋವಳನೊಬ್ಬನೆ. ಒಡೆಯನ ಕಣ್ಣು ಇಲ್ಲದ ಕಡೆ ಆ ಕಣ್ಣಿನ ಕೆಲಸವನ್ನು ಯಾವುದರಿಂದ ಮಾಡಿಸಬೇಕೆಂಬುದೇ ಈ ಅಧ್ಯಾಯದ ಒಂದೇ ಒಂದು ಪ್ರಶ್ನೆ. ಕೂಲಿಯ ಕ್ರಮ, ಮುದ್ರೆ, ಚರ್ಮ, ಗಂಟೆ, ದಂಡ, ಇವೆಲ್ಲವೂ ಆ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳು.

೩

ಕೂಲಿಯ ವಿಚಾರವು ಮೊದಲನೆಯದು, ಮತ್ತು ಪ್ರಕರಣದಲ್ಲಿ ಅತ್ಯಂತ ಸೂಕ್ಷ್ಮವಾದುದು. ಗೋಪಾಲಕ, ಎಮ್ಮೆಗಳನ್ನು ಕಾಯುವ ಪಿಂಡಾರಕ, ಹಾಲು ಕರೆಯುವ ದೋಹಕ, ಕಡೆಯುವ ಮಂಥಕ, ಕಾಡುಮೃಗಗಳನ್ನು ತಡೆಯುವ ಲುಬ್ಧಕ ಎಂಬಿವರು ನೂರು ನೂರು ಹಸುಗಳನ್ನು ನಗದು ಕೂಲಿಗೆ ಕಾಯಬೇಕೆಂದು ವಿಧಿಸಿ, ಗ್ರಂಥಕಾರನು ಕೂಡಲೆ ಹೇತುವನ್ನು ಹೇಳುತ್ತಾನೆ. ಹಾಲು ತುಪ್ಪಗಳನ್ನೇ ಕೂಲಿಯಾಗಿ ಪಡೆಯುವವರು ಕರುಗಳನ್ನು ಕೆಡಿಸುವರು ಎಂಬುದು ಆ ಹೇತು. ಕಾರಣವನ್ನು ಹೇಳದೆ ಆಜ್ಞಾಪಿಸುವುದೇ ಹೆಚ್ಚಾಗಿರುವ ಈ ಅಧಿಕರಣದಲ್ಲಿ ಈ ಹೇತುವಚನವು ಗಮನಾರ್ಹವಾದುದು. ಹಾಲು ಎರಡು ಬಾಯಿಗಳಿಗೆ ಬೇಕಾದ ವಸ್ತು. ಗೋವಳನ ಕೂಲಿಯು ಕೆಚ್ಚಲಿನಲ್ಲಿಯೇ ಇದ್ದರೆ ಅವನು ಕರುವಿಗೆ ಪ್ರತಿಸ್ಪರ್ಧಿಯಾಗುವನು. ಅವನಿಗೆ ಈ ದಿನದ ಹಾಲು ದೊರೆಯುವುದು, ರಾಜನಿಗೆ ನಾಲ್ಕು ವರ್ಷಗಳ ಮೇಲಣ ಎತ್ತು ನಷ್ಟವಾಗುವುದು.

ಧರ್ಮಶಾಸ್ತ್ರಗಳ ಮಾರ್ಗವು ಬೇರೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಹಾಲನ್ನೇ ಕೂಲಿಯಾಗಿ ಪಡೆವ ಗೋವಳನು ಒಡೆಯನ ಒಪ್ಪಿಗೆಯಿಂದ ಹತ್ತು ಹಸುಗಳಲ್ಲಿ ಉತ್ತಮವಾದ ಒಂದನ್ನು ಕರೆದುಕೊಳ್ಳಬಹುದೆಂದಿದೆ. ನಾರದಸ್ಮೃತಿಯಲ್ಲಿ ನೂರು ಹಸುಗಳಿಗೆ ವರ್ಷಕ್ಕೊಂದು ಕಡಸು, ಇನ್ನೂರಕ್ಕೆ ಒಂದು ಕರೆಯುವ ಹಸು, ಎಂಟನೆಯ ದಿನಕ್ಕೊಮ್ಮೆ ಎಲ್ಲ ಹಸುಗಳ ಹಾಲು, ಹೀಗೆ ಕೂಲಿಯು ನಿರ್ಣಯಿಸಲ್ಪಟ್ಟಿದೆ. ಕೌಟಿಲ್ಯನು ಯಾವುದನ್ನು ಕರುಘಾತಕವೆಂದು ತಳ್ಳುವನೋ ಅದನ್ನೇ ಸ್ಮೃತಿಕಾರರು ನ್ಯಾಯವೆಂದು ಒಪ್ಪುವರು. ಇದನ್ನು ಧರ್ಮಕ್ಕೂ ಅರ್ಥಕ್ಕೂ ಇರುವ ವಿರೋಧವೆಂದು ಹೇಳುವುದು ಸುಲಭ. ಆದರೆ ಅದು ಯುಕ್ತವಲ್ಲ.

ವಿರೋಧಪರಿಹಾರವು ಮನುವಿನಲ್ಲಿಯೇ ದೊರೆಯುತ್ತದೆ. ಹಗಲಿನಲ್ಲಿ ಪಶುಗಳ ಹೊಣೆ ಗೋವಳನದು, ರಾತ್ರಿಯಲ್ಲಿ ಅವು ಒಡೆಯನ ಮನೆಯಲ್ಲಿದ್ದರೆ ಹೊಣೆ ಒಡೆಯನದು ಎಂದು ಅಲ್ಲಿ ಹೇಳಿದೆ. ಸ್ಮೃತಿಕಾರರ ಕಣ್ಣ ಮುಂದೆ ಇರುವವನು ಗೃಹಸ್ಥನು. ಅವನ ದನಗಳು ಸಂಜೆಗೆ ಹಟ್ಟಿಗೆ ಬರುತ್ತವೆ. ಕರು ಸೊರಗಿದರೆ ಅವನ ಹೆಂಡತಿಗೆ ಆ ದಿನವೇ ತಿಳಿಯುತ್ತದೆ. ಅಂತಹ ಕಡೆ ಹಾಲಿನ ಕೂಲಿಯಿಂದ ಕೇಡಿಲ್ಲ. ಕೌಟಿಲ್ಯನ ಮುಂದಿರುವ ಮಂದೆಯು ಋತುವಿಗೆ ತಕ್ಕಂತೆ ಕಾಡಿನಿಂದ ಕಾಡಿಗೆ ಸಂಚರಿಸುವಂಥದು. ಆದುದರಿಂದ ಎರಡು ಶಾಸ್ತ್ರಗಳೂ ಒಂದೇ ನ್ಯಾಯವನ್ನು ಎರಡು ದೂರಗಳಿಂದ ಹೇಳುತ್ತಿವೆ. ಒಡೆಯನು ಹತ್ತಿರವಿದ್ದಾಗ ಕೂಲಿಯು ಫಲದಲ್ಲಿರಬಹುದು; ಅವನು ದೂರವಿದ್ದಾಗ ಫಲದಿಂದ ಬೇರೆಯಾಗಿರಬೇಕು. ಇದು ವೇತನದ ವಿಷಯದಲ್ಲಿ ಇಂದಿನ ಅರ್ಥಶಾಸ್ತ್ರಜ್ಞರೂ ಅಲ್ಲಗಳೆಯದ ನ್ಯಾಯ.

೪

ಎರಡನೆಯ ಬಾಬಾದ ಕರಪ್ರತಿಕರದಲ್ಲಿ ಒಬ್ಬನೇ ನೂರು ಪಶುಗಳನ್ನು ವಹಿಸಿಕೊಳ್ಳುವನು. ಆ ನೂರು ಹೇಗಿರಬೇಕೆಂಬುದು ಮುಖ್ಯ. ಮುದಿಹಸು, ಕರೆಯುವ ಹಸು, ಗಬ್ಬದ ಹಸು, ಚೊಚ್ಚಲ ಕಡಸು, ಎಳೆಗಡಸು, ಈ ಐದು ಬಗೆಗಳೂ ಸಮಪಾಲಾಗಿರತಕ್ಕದ್ದು. ಎಂದರೆ ಒಂದೊಂದು ಬಗೆಗೆ ೨೦. ಅವನು ವರ್ಷಕ್ಕೆ ೮ ವಾರಕ ತುಪ್ಪವನ್ನೂ, ಬಾಲದ ಲೆಕ್ಕದಲ್ಲಿ ಪಣವನ್ನೂ, ಮುದ್ರೆಯುಳ್ಳ ಚರ್ಮವನ್ನೂ ಸಲ್ಲಿಸಬೇಕು.

ತುಪ್ಪದ ಭಾಗವನ್ನು ಗ್ರಂಥದ ಮಾನಗಳಿಂದಲೇ ಗಣಿಸಿ ನೋಡಬಹುದು. ತುಲಾಮಾನ ಪ್ರಕರಣದಂತೆ ತುಪ್ಪದ ವಾರಕವು ೮೪ ಕುಡುಬ. ೪ ಕುಡುಬಕ್ಕೆ ಒಂದು ಪ್ರಸ್ಥವಾದುದರಿಂದ ಒಂದು ವಾರಕಕ್ಕೆ ೨೧ ಪ್ರಸ್ಥ, ೮ ವಾರಕಗಳಿಗೆ ೧೬೮ ಪ್ರಸ್ಥ. ಹಸುವಿನ ಹಾಲು ಒಂದು ದ್ರೋಣಕ್ಕೆ ಒಂದು ಪ್ರಸ್ಥ ತುಪ್ಪವೆಂದು ಗೋಧ್ಯಕ್ಷ ಪ್ರಕರಣದಲ್ಲಿಯೇ ಇದೆ. ಹಾಗಾದರೆ ಬೇಕಾದ ಹಾಲು ೧೬೮ ದ್ರೋಣ. ದ್ರೋಣಕ್ಕೆ ೧೬ ಪ್ರಸ್ಥದಂತೆ ಅದು ೨,೬೮೮ ಪ್ರಸ್ಥವಾಗುತ್ತದೆ. ಕರೆಯುವ ಹಸುಗಳು ೨೦ ಎಂದಿಟ್ಟುಕೊಂಡರೆ ಒಂದು ಹಸುವಿಗೆ ವರ್ಷಕ್ಕೆ ಸುಮಾರು ೧೩೪ ಪ್ರಸ್ಥ. ೩೬೦ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ಒಂದೂವರೆ ಕುಡುಬ. ತುಪ್ಪದ ಮಟ್ಟಿಗೆ ಇದು ಭಾರವಾದ ಗುತ್ತಿಗೆಯಲ್ಲ. ಕರುವಿನ ಬಾಯಿಂದ ಹಾಲನ್ನು ಕಿತ್ತುಕೊಳ್ಳದೆ ಸಲ್ಲಿಸಬಹುದಾದ ಪ್ರಮಾಣವನ್ನೇ ಶಾಸ್ತ್ರಕಾರನು ಇಟ್ಟಿದ್ದಾನೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಗುತ್ತಿಗೆದಾರನಿಗೂ ಮಿಕ್ಕ ಹಾಲೇ ಲಾಭವಲ್ಲವೆ? ಹಾಲಿನ ಕೂಲಿಯವನ ಮೇಲೆ ಹೊರಿಸಿದ ದೋಷವು ಇವನಿಗೇಕೆ ತಗಲದು? ಆಕ್ಷೇಪವು ಸಣ್ಣದಲ್ಲ, ಸೂತ್ರಕಾರನು ನೇರವಾಗಿ ಉತ್ತರವನ್ನು ಕೊಟ್ಟಿಲ್ಲ. ಆದರೆ ಮುಂದಿನ ಸೂತ್ರಗಳಲ್ಲಿ ಉತ್ತರವು ಗರ್ಭಿತವಾಗಿದೆ. ಹುಟ್ಟಿದ ಕರುವಿಗೆ ಒಂದೆರಡು ತಿಂಗಳೊಳಗೆ ಮುದ್ರೆಯೊತ್ತಿ, ಮೈಯ ಗುರುತು, ಬಣ್ಣ, ಕೊಂಬುಗಳ ಅಂತರ ಇವನ್ನು ಪುಸ್ತಕದಲ್ಲಿ ಬರೆಯಿಸಬೇಕೆಂದಿದೆ. ಮಳೆಗಾಲ, ಶರತ್ತು, ಹೇಮಂತಗಳಲ್ಲಿ ಎರಡು ಹೊತ್ತು ಕರೆಯಬಹುದು. ಶಿಶಿರ, ವಸಂತ, ಗ್ರೀಷ್ಮಗಳಲ್ಲಿ ಒಂದೇ ಹೊತ್ತು. ಹುಲ್ಲು ಒಣಗುವ ಕಾಲದಲ್ಲಿ ಎರಡನೆಯ ಹೊತ್ತು ಕರೆದವನಿಗೆ ಹೆಬ್ಬೆರಳನ್ನು ಕತ್ತರಿಸುವ ದಂಡ. ಈ ದಂಡದ ಕ್ರೌರ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಅದು ಏಕೆ ಬಂದಿತೆಂಬುದು ಸ್ಪಷ್ಟ: ಬೇಸಗೆಯ ಎರಡನೆಯ ಹೊತ್ತಿನ ಹಾಲು ಕರುವಿನದು, ಅದನ್ನು ಕದ್ದವನನ್ನು ಕಾಡಿನಲ್ಲಿ ಕಾಣುವವರಿಲ್ಲ. ಹಿಡಿಯುವುದು ಕಷ್ಟವಾದ ಕಳವಿಗೆ ದಂಡವು ಘೋರವಾಗುವುದು ಪ್ರಾಚೀನ ಶಾಸನಗಳ ರೀತಿ.

ಸಮಪಾಲಿನ ನಿಯಮವೂ ವಿಚಾರಾರ್ಹವಾದುದು. ಮುದಿಹಸುವಿನ ಪೋಷಣೆಯು ಯಾರ ಮೇಲೆ ಬೀಳಬೇಕೆಂಬ ಪ್ರಶ್ನೆ ಇಂದಿಗೂ ತೀರಿಲ್ಲ. ಇಲ್ಲಿ ಪ್ರತಿಯೊಬ್ಬನ ನೂರರಲ್ಲಿಯೂ ೨೦ ಮುದಿಹಸುಗಳು ಸೇರಿ ಭಾರವು ಹಂಚಿಹೋಗುತ್ತದೆ. ರೋಗಿ, ಅಂಗಹೀನ, ಒಬ್ಬನಿಗಲ್ಲದೆ ಮತ್ತೊಬ್ಬನಿಗೆ ಕರೆಯಗೊಡದ ಹಸು, ಕರುವನ್ನು ಕೊಲ್ಲುವ ಹಸು, ಇಂಥವುಗಳ ಮಂದೆಯು ಭಗ್ನೋತ್ಸೃಷ್ಟಕವೆಂಬ ಬೇರೆ ಬಾಬು. ಅದಕ್ಕೆ ನಿಯತವಾದ ಗುತ್ತಿಗೆಯಿಲ್ಲ. ಬಂದ ಉತ್ಪತ್ತಿಯಲ್ಲಿ ತಕ್ಕ ಪಾಲು ಮಾತ್ರ. ಶತ್ರುಸೈನ್ಯದ ಅಥವಾ ಕಾಡುಜನರ ಭಯದಿಂದ ರಾಜವ್ರಜವನ್ನು ಸೇರಿದ ದನಗಳಿಗೆ ಹತ್ತನೆಯ ಪಾಲು. ಉತ್ಪತ್ತಿಯು ನಿಶ್ಚಿತವಾದಲ್ಲಿ ಗುತ್ತಿಗೆ, ಅನಿಶ್ಚಿತವಾದಲ್ಲಿ ಪಾಲು, ಎಳೆಯ ಜೀವಕ್ಕೆ ಅಪಾಯವಿದ್ದಲ್ಲಿ ಕೂಲಿ: ಇದು ಈ ಪ್ರಕರಣದ ವ್ಯವಸ್ಥೆ.

೫

ಇನ್ನು ವಿವಾದದ ಎರಡು ವಾಕ್ಯಗಳನ್ನು ಅವುಗಳ ಸ್ಥಾನದಲ್ಲಿಟ್ಟು ನೋಡಬೇಕು.

ವಧ್ಯನೆಂಬ ವಿಧಿಯು ಬರುವುದು ನಷ್ಟ ವಿನಷ್ಟಗಳ ವಿವರಣೆಯು ಮುಗಿದು, ಹೀಗೆ ಪಶುಗಳ ಸಂಖ್ಯೆಯನ್ನು ತಿಳಿಯತಕ್ಕದ್ದೆಂದು ಹೇಳಿದ ಒಡನೆಯೆ. ಕಳ್ಳರು ಒಯ್ದುದು, ಬೇರೆ ಮಂದೆಯನ್ನು ಸೇರಿದುದು ನಷ್ಟ. ಕೆಸರು, ಕಮರಿ, ರೋಗ, ಮುಪ್ಪು, ಸಿಡಿಲು, ಹಾವು, ಮೊಸಳೆ, ಕಾಳ್ಗಿಚ್ಚು ಇವುಗಳಿಂದ ಸತ್ತುದು ವಿನಷ್ಟ. ಇವೆರಡರ ಮರೆಯಲ್ಲಿ ಗೋವಳನೇ ಕೊಂದು ಅಥವಾ ಕದ್ದು ಲೆಕ್ಕವನ್ನು ಸರಿತೂಗಿಸಬಹುದು. ಆದುದರಿಂದಲೇ ಕೊಂದವನು, ಕೊಲ್ಲಿಸಿದವನು, ಕದ್ದವನು, ಕದಿಯಿಸಿದವನು ಎಂದು ನಾಲ್ವರನ್ನೂ ಒಂದೇ ದಂಡಕ್ಕೆ ಸೇರಿಸಿದ್ದಾನೆ. ವಧೆಗೂ ಕಳವಿಗೂ ಸಮದಂಡವಿರುವುದೇ ಇಲ್ಲಿ ದೋಷವು ರಾಜಸ್ವದ ಅಪಹಾರವೆಂಬುದಕ್ಕೆ ಲಿಂಗ. ಇದಕ್ಕೆ ಇನ್ನೊಂದು ಪ್ರಮಾಣವು ೨೬ನೆಯ ಅಧ್ಯಾಯವಾದ ಸೂನಾಧ್ಯಕ್ಷ ಪ್ರಕರಣದಲ್ಲಿದೆ. ಕರು, ಹೋರಿ, ಕರೆಯುವ ಹಸು ಇವು ಅವಧ್ಯವೆಂದೂ, ಕೊಂದವನಿಗೆ ೫೦ ಪಣ ದಂಡವೆಂದೂ ಅಲ್ಲಿ ವಿಧಿಸಿದೆ. ಅಲ್ಲಿಯ ‘ಇವುಗಳಲ್ಲಿ’ ಎಂಬ ಸರ್ವನಾಮವು ಹಿಂದೆ ಹೇಳಿದ ಪಶುಗಳನ್ನೆಲ್ಲ ತೆಗೆದುಕೊಳ್ಳುವುದೆಂದರೂ ಗೋಜಾತಿಯು ಅದರಲ್ಲಿ ಸೇರಿಯೇ ಸೇರುವುದು. ಗೋವಧೆಗೆ ಸರ್ವತ್ರ ಮರಣದಂಡನೆಯಿದ್ದಿದ್ದರೆ ಈ ೫೦ ಪಣದ ವಿಧಿಯು ನಿರರ್ಥಕವಾಗುತ್ತಿತ್ತು. ಹಾಗೆಂದು ಈ ವಿಧಿಯನ್ನು ಲಘುವಾಗಿ ಕಾಣುವಂತೆಯೂ ಇಲ್ಲ. ಮುಂದಿನ ಸಂತತಿ, ಬೀಜ, ಹಾಲು ಎಂಬ ಮೂರು ಮೂಲಗಳನ್ನು ಅದು ಕಟುಕನ ಕತ್ತಿಯಿಂದ ತಪ್ಪಿಸುತ್ತದೆ.

ಮಾಂಸವಿಕ್ರಯದ ವಾಕ್ಯದಲ್ಲಿ ತೊಡಕು ಹೆಚ್ಚು. ಸೂನಾಧ್ಯಕ್ಷ ಪ್ರಕರಣವು ತಾನಾಗಿ ಸತ್ತ ಪಶುವಿನ ಮಾಂಸವನ್ನು ಮಾರಕೂಡದೆನ್ನುತ್ತದೆ. ಗೋಧ್ಯಕ್ಷ ಪ್ರಕರಣವು ಸತ್ತ ಪಶುವಿನ ಮಾಂಸವನ್ನು ಮಾರಬಹುದೆನ್ನುತ್ತದೆ. ಅರ್ಥಶಾಸ್ತ್ರವು ಏಕಕರ್ತೃಕವಲ್ಲವೆಂದು ೧೯೭೧ರಲ್ಲಿ ಟ್ರೌಟ್‌ಮನ್ ಎಂಬ ವಿದ್ವಾಂಸರು ಪದಗಣನೆಯಿಂದ ವಾದಿಸಿದರು. ಆ ವಾದವನ್ನು ಒಪ್ಪಿದರೂ ಇಲ್ಲಿ ಪ್ರಯೋಜನವಿಲ್ಲ. ಅದು ಅಧಿಕರಣ ಅಧಿಕರಣಗಳ ಭೇದವನ್ನು ಹೇಳುವುದು. ಈ ಎರಡು ಅಧ್ಯಾಯಗಳಾದರೋ ಒಂದೇ ಅಧಿಕರಣದಲ್ಲಿವೆ. ಒಂದು ಕಡೆ ‘ಸ್ವಯಂಮೃತ’, ಇನ್ನೊಂದು ಕಡೆ ‘ಕಾರಣಮೃತ’ ಎಂಬ ಪದಭೇದದಿಂದ ವಿರೋಧವನ್ನು ಪರಿಹರಿಸಬಹುದೆಂದು ತೋರುವುದು. ಆದರೆ ಕಾರಣಗಳ ಪಟ್ಟಿಯಲ್ಲಿ ರೋಗವೂ ಮುಪ್ಪೂ ಇವೆ. ಅವುಗಳಿಂದ ಸತ್ತುದನ್ನು ಪೇಟೆಯಲ್ಲಿ ತಾನಾಗಿ ಸತ್ತುದೆಂದೇ ಹೇಳುವರು. ಪದಭೇದವೊಂದೇ ಸಾಲದು.

ಪರಿಹಾರವು ನಿಷೇಧದ ಸಹವಾಸದಲ್ಲಿದೆ. ಸೂನೆಯ ಹೊರಗೆ ಕೊಂದುದು, ತಲೆ ಕಾಲುಗಳಿಲ್ಲದುದು, ದುರ್ಗಂಧವುಳ್ಳುದು, ತಾನಾಗಿ ಸತ್ತುದು ಎಂದು ಅಲ್ಲಿಯ ಪಟ್ಟಿ. ಅದೇ ಅಧ್ಯಾಯದಲ್ಲಿ ಆಗ ಕೊಂದ ಮಾಂಸವನ್ನೇ ಮಾರಬೇಕೆಂಬ ವಿಧಿಯೂ, ತೂಕದಲ್ಲಿ ಕಡಮೆಮಾಡಿದರೆ ಎಂಟರಷ್ಟು ತೆರಬೇಕೆಂಬ ವಿಧಿಯೂ ಇವೆ. ಇವೆಲ್ಲವೂ ಕೊಳ್ಳುವವನನ್ನು ಮೋಸಗೊಳಿಸುವ ಬಗೆಗಳು. ತಲೆಯಿಲ್ಲದ ಪಶುವು ಯಾವುದೆಂದು ಗುರುತು ಸಿಗದು. ಸತ್ತುದನ್ನು ಕೊಂದುದೆಂದು ಮಾರಬಹುದು. ಅಲ್ಲಿ ನಿಷಿದ್ಧವಾಗಿರುವುದು ಮುಚ್ಚುಮರೆಯ ವ್ಯಾಪಾರ. ಗೋವಳನ ವಿಷಯದಲ್ಲಿಯಾದರೋ ಮರೆಯು ಮೊದಲೇ ತೊಲಗಿರುತ್ತದೆ. ಪಶುವು ಸತ್ತುದನ್ನು ಅವನು ತಿಳಿಸಲೇಬೇಕು, ತಿಳಿಸದಿದ್ದರೆ ಅದರ ಬೆಲೆಯನ್ನು ತೆರಬೇಕು. ಹಸು ಎಮ್ಮೆಗಳಾದರೆ ಮುದ್ರೆಯುಳ್ಳ ಚರ್ಮವನ್ನೂ, ಆಡು ಕುರಿಗಳಾದರೆ ಕಿವಿಯ ಗುರುತನ್ನೂ, ಕುದುರೆ ಕತ್ತೆ ಒಂಟೆಗಳಾದರೆ ಬಾಲವನ್ನೂ ಮುದ್ರೆಯ ಚರ್ಮವನ್ನೂ ತಂದೊಪ್ಪಿಸಬೇಕು. ಮನುವೂ ಸತ್ತ ಪಶುವಿನ ಕಿವಿ, ತೊಗಲು, ಬಾಲ ಮೊದಲಾದುವನ್ನು ಒಡೆಯನಿಗೆ ಕೊಟ್ಟು ಗುರುತುಗಳನ್ನು ತೋರಿಸಬೇಕೆಂದು ಹೇಳುತ್ತಾನೆ. ಚರ್ಮವು ಇಲ್ಲಿ ಮಾರಾಟದ ಸರಕಾಗುವ ಮೊದಲು ಮರಣಪತ್ರವಾಗಿದೆ. ಲೆಕ್ಕವು ತೀರಿದ ಮೇಲೆ ಉಳಿದುದೇ ಮಾಂಸ.

ಆ ಮಾಂಸವು ಯಾವುದರದೆಂದು ಸೂತ್ರವು ಬಿಡಿಸಿ ಹೇಳುವುದಿಲ್ಲ. ಹಿಂದಿನ ಸೂತ್ರದಲ್ಲಿ ಹಸುವಿನಿಂದ ಒಂಟೆಯವರೆಗೆ ಏಳು ಪಶುಗಳು ಬಂದಿರುವಾಗ ಅದನ್ನು ಗೋಮಾಂಸವೆಂದೇ ನಿರ್ಧರಿಸುವುದೂ, ಗೋಮಾಂಸವಲ್ಲವೇ ಅಲ್ಲವೆಂದು ನಿರ್ಧರಿಸುವುದೂ ಸಮಾನವಾಗಿ ಅಪ್ರಮಾಣ. ಮುಂದಿನ ಸೂತ್ರಗಳಲ್ಲಿ ಮಜ್ಜಿಗೆಯು ನಾಯಿ ಹಂದಿಗಳಿಗೆ, ಒಡೆದ ಹಾಲಿನ ಗಟ್ಟಿಯು ಸೈನ್ಯದ ಊಟಕ್ಕೆ ಎಂದು ಹೇಳಿದೆ. ಎಂದರೆ ಮಾಂಸವು ಶೇಷದ್ರವ್ಯಗಳ ಸಾಲಿನಲ್ಲಿ ಬಂದಿದೆ, ಉತ್ಪನ್ನಗಳ ಸಾಲಿನಲ್ಲಿ ಅಲ್ಲ. ಕೊಲ್ಲುವುದಕ್ಕಾಗಿಯೇ ಸಾಕುವ ಪಶುವನ್ನು ಹೆಸರಿಸಲು ಗ್ರಂಥಕಾರನಿಗೆ ಸಂಕೋಚವಿರಲಿಲ್ಲವೆಂಬುದಕ್ಕೆ ಇದೇ ಅಧ್ಯಾಯದ ‘ಸೂನಾಮಹಿಷ’ ಎಂಬ ಪದವೇ ಸಾಕ್ಷಿ. ಕೋಣಗಳನ್ನು ವಿಂಗಡಿಸುವಾಗ ಸೂನೆಯ ಕೋಣವೆಂಬ ವರ್ಗವನ್ನು ಅವನು ಬಾಯಿಬಿಟ್ಟು ಹೇಳಿದ್ದಾನೆ. ಎತ್ತುಗಳ ವರ್ಗದಲ್ಲಿಯೂ ಹಸುಗಳ ವರ್ಗದಲ್ಲಿಯೂ ಅಂತಹ ಪದವಿಲ್ಲ. ಬಂಜೆಹಸುವನ್ನು ಕೂಡ ಎಣಿಕೆಗೆ ತೆಗೆದುಕೊಂಡಿದ್ದಾನೆಯೇ ಹೊರತು ಸೂನೆಗೆ ಕಳುಹಿಸಿಲ್ಲ. ಇಷ್ಟರಿಂದ ಸಿದ್ಧವಾಗುವುದೇನೆಂದರೆ: ರಾಜವ್ರಜದಲ್ಲಿ ಗೋವು ಮಾಂಸಕ್ಕಾಗಿ ಸಾಕಲ್ಪಡುತ್ತಿರಲಿಲ್ಲ, ಸತ್ತ ಮೇಲೆ ಅದರ ದೇಹವು ವ್ಯರ್ಥವಾಗುತ್ತಲೂ ಇರಲಿಲ್ಲ. ಇದಕ್ಕಿಂತ ಹೆಚ್ಚನ್ನು ಈ ಪ್ರಕರಣದಿಂದ ಹಿಂಡಲಾಗದು.

೬

ಈ ಬಗೆಯ ಗ್ರಂಥಕ್ಕೆ ಒಂದು ಮಿತಿಯೂ ಉಂಟು. ಲೆಕ್ಕದ ಕಣ್ಣು ಬೆಲೆಯುಳ್ಳುದನ್ನು ಮಾತ್ರ ಚೆನ್ನಾಗಿ ಕಾಣುವುದು. ಕಳವಾದ ದನವನ್ನು ಮರಳಿ ತಂದವನಿಗೆ, ಅದು ಸ್ವದೇಶೀಯರದಾದರೆ ತಲೆಗೊಂದು ಪಣ, ಪರದೇಶೀಯರದಾದರೆ ಅರ್ಧಭಾಗ ಎಂದು ಕೌಟಿಲ್ಯನು ಹೇಳಿ ಸುಮ್ಮನಾಗುತ್ತಾನೆ. ತುರುಗೊಳ್ಳಿನಲ್ಲಿ ಮಡಿದವರಿಗೆ ಕನ್ನಡ ನಾಡಿನ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳು ಅದೇ ಕಾರ್ಯವನ್ನು ಬೇರೆ ತಕ್ಕಡಿಯಲ್ಲಿ ತೂಗಿವೆ.

ದೂರದ ಒಡೆಯನ ಲೆಕ್ಕವು ಎಲ್ಲಿ ಎಡವುವುದೆಂಬುದಕ್ಕೆ ಗ್ರಂಥವು ದೊರೆತ ಮೈಸೂರಿನ ಚರಿತ್ರೆಯಲ್ಲಿಯೇ ದೃಷ್ಟಾಂತವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಹೆಸರುಗಳಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಆ ತಳಿಯ ಹಸುಗಳು ಕೊಡುವ ಹಾಲು ಕಡಮೆ; ಅದರ ಕೀರ್ತಿಯೆಲ್ಲ ಕಾವಲುಗಳಲ್ಲಿ ತಾಯ ಹಾಲು ಕುಡಿದು ಬೆಳೆದು ಫಿರಂಗಿಗಳನ್ನು ಎಳೆದ ಎತ್ತುಗಳದು. ಕರುವಿನ ಹಾಲನ್ನು ಕರುವಿಗೆ ಬಿಡಬೇಕೆಂಬ ಸೂತ್ರಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವಿಲ್ಲ. ೧೮೬೦ರಲ್ಲಿ ಮದರಾಸಿನ ಗವರ್ನರಾಗಿದ್ದ ಟ್ರೆವೆಲ್ಯನ್ ಸಾಹೇಬರು ಮಿತವ್ಯಯದ ಕಾರಣದಿಂದ ಈ ಮಂದೆಗಳನ್ನು ಮಾರಿಸಿದರು. ಎತ್ತುಗಳಿಗೆ ಅಭಾವವು ತೋರಲಾಗಿ ೧೮೬೬ರಲ್ಲಿ ಮಂದೆಯನ್ನು ಪುನಃ ಕಟ್ಟಬೇಕಾಯಿತು. ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂದಿತು. ಮೇವಿನ ಖರ್ಚು ಪುಸ್ತಕದಲ್ಲಿ ವರ್ಷ ವರ್ಷವೂ ಕಾಣುವುದು. ಮಂದೆಯ ಬೆಲೆಯು ಅದು ಹೋದ ಮೇಲೆಯೇ ಕಾಣುವುದು.

ಕೌಟಿಲ್ಯನು ಈ ಅಪಾಯವನ್ನು ಅರಿತಿದ್ದನೆ? ಅಧ್ಯಾಯದ ಕೊನೆಯಲ್ಲಿ ಆಹಾರದ ಪ್ರಮಾಣಗಳು ಬರುತ್ತವೆ. ಎತ್ತಿಗೆ ಇಷ್ಟು ಹಸುರು ಮೇವು, ಇಷ್ಟು ಹಿಂಡಿ, ಇಷ್ಟು ತೌಡು, ೫ ಪಲ ಉಪ್ಪು ಎಂದು ಸೇರು ಛಟಾಕುಗಳಂತೆ ಅಳೆದು ಹೇಳಿ, ದುಡಿಯುವ ಎತ್ತಿಗೂ ಕರೆಯುವ ಹಸುವಿಗೂ ದುಡಿಮೆಯನ್ನೂ ಫಲವನ್ನೂ ನೋಡಿ ಕೊಡಬೇಕೆನ್ನುತ್ತಾನೆ. ಈ ನ್ಯಾಯದಿಂದ ಮುದಿಹಸುವಿಗೂ ಬಂಜೆಹಸುವಿಗೂ ಏನೂ ದೊರೆಯದು. ಆದರೆ ಅದರ ಬೆನ್ನಿಗೇ, ಎಲ್ಲಕ್ಕೂ ಹುಲ್ಲೂ ನೀರೂ ಬೇಕಾದಷ್ಟು ಎಂದು ಒಂದು ಸೂತ್ರವಿದೆ. ಕಾಡಿನ ಹುಲ್ಲಿಗೆ ಬೆಲೆಯಿರಲಿಲ್ಲವಾದುದರಿಂದ ಇದು ಔದಾರ್ಯವಲ್ಲವೆಂದು ಹೇಳಬಹುದು. ಅದು ಹೇಗೇ ಇರಲಿ. ಹಾಲು, ತುಪ್ಪ, ಚರ್ಮ, ಹಿಂಡಿ, ಉಪ್ಪು ಎಲ್ಲವನ್ನೂ ಅಳೆದು ಕೊಟ್ಟ ಈ ಪ್ರಕರಣದಲ್ಲಿ ಅಳತೆಯಿಲ್ಲದೆ ಬಿಟ್ಟಿರುವ ವಸ್ತುಗಳು ಆ ಎರಡೆ. ಗೋವಿನ ವಿಷಯದಲ್ಲಿ ಕೌಟಿಲ್ಯನ ಅಭಿಪ್ರಾಯವೇನೆಂದು ಕೇಳುವವರು ವಧದಂಡದ ಸೂತ್ರವನ್ನೂ ಮಾಂಸವಿಕ್ರಯದ ಸೂತ್ರವನ್ನೂ ಓದಿದ ಮೇಲೆ ಈ ಸೂತ್ರದವರೆಗೂ ಬಂದು ಓದುವುದು ಯುಕ್ತ.